ಅಪ್‌ಡೇಟ್: ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ ಆಯ್ತು

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಅದ್ರ ಬದ್ಲು ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ ಚಿಪ್ಪಲ್ಲೇ ಡೇಟಾ ಇಡೋ ಡ್ರೈವ್) ಯಾವ್ದು ತಗೊಳ್ಳಲಿ, ಅದ್ರಲ್ಲೇ ಜಾಸ್ತಿ ವೇಗದ ಎನ್‌ವಿಎಂಇ ಹಾಕ್ಬೋದಾ ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ, ಕೆಲಸ ಮುಗೀತು. ನೀವೆಲ್ಲ ಹೇಳ್ದಂಗೆ ಮೊದ್ಲು ತಂಗಿ ಮದುವೆ ಫೋಟೋ, ಅಪ್ಪನ ತೋಟದ ಲೆಕ್ಕ ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ, ಆಮೇಲೇ ಸ್ಕ್ರೂಡ್ರೈವರ್ ಮುಟ್ಟಿದ್ದು. ಡಿಸ್ಕ್ ಆರೋಗ್ಯ ತೋರ್ಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟೋಗಿ ಬದ್ಲಿ ಜಾಗ ಕೊಟ್ಟ ಭಾಗಗಳು) ಏರ್ತಾನೇ ಇತ್ತು, ಅಂಥ ಡಿಸ್ಕನ್ನ ಇದ್ದಂಗೇ ಹೊಸದಕ್ಕೆ ಕ್ಲೋನ್ (ನಕಲು) ಮಾಡೋದು ಬೇಡ ಅಂತ ವಿಂಡೋಸ್ ಹೊಸದಾಗೇ ಹಾಕ್ದೆ. ಕೀ ಕೇಳ್ಲೇ ಇಲ್ಲ, ಲೈಸೆನ್ಸ್ ಮದರ್‌ಬೋರ್ಡ್ ಜೊತೆ ಇರತ್ತಲ್ಲ, ನೆಟ್ ಕೊಟ್ಟ ತಕ್ಷಣ ಆಕ್ಟಿವೇಟ್ ಆಯ್ತು.

ಈ ಲ್ಯಾಪ್‌ಟಾಪಲ್ಲಿ ಎನ್‌ವಿಎಂಇ ಕೂರ್ಸೋ ಎಂ.2 ಸ್ಲಾಟೇ ಇಲ್ಲ, ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿಗೆ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಹೋಗಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕಿನ ಕನೆಕ್ಟರಿಗೇ ಕೂರೋದು), 500 ಜಿಬಿದು ತಂದೆ. ಸಾಟಾ ಸೆಕೆಂಡಿಗೆ 550 ಎಂಬಿ ಆಸುಪಾಸಲ್ಲೇ ನಿಂತ್ಬಿಡತ್ತೆ ನಿಜ, ಆದ್ರೆ ಹಳೇ 5400 ಆರ್‌ಪಿಎಂ ಡಿಸ್ಕ್ ನೂರು ಮುಟ್ಟೋಕೇ ಒದ್ದಾಡ್ತಿತ್ತು, ಜೊತೆಗೆ ಒಂದೊಂದು ಚಿಕ್ಕ ಫೈಲಿಗೂ ಡಿಸ್ಕ್ ಓದೋ ಹೆಡ್ ಓಡಾಡ್ಬೇಕಿತ್ತು, ಈಗ ಆ ಕಾಟವೇ ಇಲ್ಲ. ನನ್ ಪ್ರಕಾರ ಹಳೇ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಒಳ್ಳೇ ಖರ್ಚು ಇನ್ನೊಂದಿಲ್ಲ.

ಹಾಕೋರಿಗೆ ಒಂದು ಮಾತು, ಕವರ್ ಬಿಚ್ಚಿದ್ಮೇಲೆ ಮೊದ್ಲು ಬ್ಯಾಟರಿ ಕನೆಕ್ಟರ್ ತೆಗೀರಿ. ಡಿಸ್ಕನ್ನ ಮೇಲಕ್ಕೆ ಎತ್ಬೇಡಿ, ಪಕ್ಕಕ್ಕೆ ಜಾರಿಸಿ, ಇಲ್ಲಾಂದ್ರೆ ಆ ತೆಳು ಪಟ್ಟಿ ಕೇಬಲ್ ಹರಿಯತ್ತೆ. ಹಳೇದು 9.5 ಎಂಎಂ ದಪ್ಪ, ಹೊಸದು 7, ಅಲ್ಲಾಡತ್ತೇನೋ ಅನ್ಕೊಂಡಿದ್ದೆ, ಪಕ್ಕದ ನಾಲ್ಕು ಸ್ಕ್ರೂನೂ ಅದೇ ಬ್ರಾಕೆಟ್ಟಿಗೆ ಸರಿಯಾಗಿ ಕೂತ್ವು.

ಸಾಟಾನೇ ತಗೋ ಅಂತ ಪಟ್ಟು ಹಿಡಿದೋರಿಗೆ ತುಂಬಾ ಥ್ಯಾಂಕ್ಸ್. ಮುಂದೆ ರ‍್ಯಾಮ್ 4 ಇಂದ 8 ಮಾಡೋದು ಬಾಕಿ ಇದೆ.