ಮನೆಯ ಗುಂಪಿನಲ್ಲಿ ಎರಡು ನದಿಗಳ ಚರ್ಚೆ

ತಂಗಿ (ಹ್ಯೂಸ್ಟನ್), ಬೆಳಿಗ್ಗೆ 6.40
ಮೇಲೆ ಕಳಿಸಿರುವ ನಾಲ್ಕು ಪುಟದ ಪಿಡಿಎಫ್ ಅನ್ನು ಎಲ್ಲರೂ ದಯವಿಟ್ಟು ಪೂರ್ತಿ ಓದಿ. ಡಿಸೆಂಬರ್ ಕೊನೆಯ ವಾರ ಅವ್ವನಿಗೆ ಎಪ್ಪತ್ತೈದು ತುಂಬುತ್ತದೆ, ಅಷ್ಟರಲ್ಲಿ ಎಲ್ಲರೂ ಒಂದು ಕಡೆ ಸೇರಬೇಕೆಂದು ಹೋದ ದೀಪಾವಳಿಯಲ್ಲೇ ಮಾತಾಗಿತ್ತು. ಮಧ್ಯ ಅಮೆರಿಕದ ಕೋಸ್ಟ ರಿಕಾಕ್ಕೆ ಹೋಗೋಣ ಎಂಬುದು ನನ್ನ ಸೂಚನೆ. ಅಲ್ಲಿಯ ಪಕ್ವಾರೆ ನದಿಯಲ್ಲಿ ಮೂರು ದಿನ, ಎರಡು ರಾತ್ರಿಯ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ಹರಿವಿನ ಮೇಲೆ ಸಾಗುವ ಪಯಣ ಇದೆ. ಹಗಲು ರಾಫ್ಟಿನಲ್ಲಿ ಸಾಗಿ, ಸಂಜೆ ಮಳೆಕಾಡಿನ ನಡುವೆ ನದಿಯ ದಂಡೆಯಲ್ಲೇ ಇರುವ ಲಾಡ್ಜಿನಲ್ಲಿ ಉಳಿದು, ಮತ್ತೆ ಮುಂದಿನ ಹರಿವಿಗೆ ಇಳಿಯಬೇಕು. ನನಗೆ ಇಲ್ಲಿಂದ ಅದು ನಾಲ್ಕು ಗಂಟೆಯ ವಿಮಾನದ ದಾರಿ. ಈ ವಾರದೊಳಗೆ ಒಪ್ಪಿಗೆ ತಿಳಿಸಿದರೆ ಮುಂಗಡ ಕಟ್ಟುತ್ತೇನೆ.

ಮಗ (ಬೆಳಗಾವಿ), ಬೆಳಿಗ್ಗೆ 7.05
ಅತ್ತೀ, ನನ್ನ ಪೂರ್ಣ ಒಪ್ಪಿಗೆ ಇದೆ. ದಾಂಡೇಲಿ ಹತ್ತಿರ ಕಾಳಿ ನದಿಯಲ್ಲಿ ನಡೆಯುವ ನಮ್ಮ ಗಣೇಶಗುಡಿಯ ರಾಫ್ಟಿಂಗ್ ಎರಡು ಮೂರು ಗಂಟೆಯಲ್ಲಿ ಮುಗಿದುಹೋಗುತ್ತದೆ. ಪಕ್ವಾರೆಯ ಕೆಳಭಾಗದ ಹರಿವು ಸುಮಾರು 29 ಕಿ.ಮೀ. ಇದ್ದು, ಬಹುಪಾಲು ಆಳವಾದ ಕಣಿವೆಯಲ್ಲೇ ಸಾಗುತ್ತದೆಯಂತೆ.

ನಾನು (ಬೆಳಗಾವಿ), ಬೆಳಿಗ್ಗೆ 8.30
ಪಿಡಿಎಫ್ ಅನ್ನು ಎರಡು ಸಲ ಓದಿದೆ. ಚಿತ್ರಗಳನ್ನು ನೋಡಿ ನನ್ನ ಮನಸ್ಸೂ ಅತ್ತ ವಾಲಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಮುಂಗಡ ಕಟ್ಟಬೇಡ ತಂಗೀ, ಮೊದಲು ನನ್ನ ಮಾತುಗಳನ್ನು ಕೇಳು.

ಈ ಪ್ರವಾಸ ಅವ್ವನಿಗಾಗಿ. ಅವಳಿಗೆ ಪಾಸ್‌ಪೋರ್ಟೇ ಇಲ್ಲ. ಭಾರತದಿಂದ ಕೋಸ್ಟ ರಿಕಾಕ್ಕೆ ನೇರ ವಿಮಾನವಿಲ್ಲ, ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೋಗಿ, ಅಲ್ಲಿಂದ ಮತ್ತೆರಡು ವಿಮಾನ ಹಿಡಿದು ಆ ದೇಶದ ರಾಜಧಾನಿ ಸ್ಯಾನ್ ಹೋಸೆಯಲ್ಲಿ ಇಳಿಯುವಷ್ಟರಲ್ಲಿ ಅವಳ ಮೊಣಕಾಲಿನ ಗತಿ ಏನಾಗಬಹುದು? ಅಲ್ಲಿಗೂ ನಮಗೂ ಹನ್ನೊಂದೂವರೆ ಗಂಟೆಯ ಅಂತರವಿದೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಗಡಿಯಾರ ನೋಡಿ ನುಂಗುವವಳಿಗೆ ಹಗಲು ರಾತ್ರಿ ತಿರುಗುಮುರುಗಾದರೆ ಅದು ಸಣ್ಣ ಮಾತಲ್ಲ.

ಎರಡನೆಯದು, ತಿಂಗಳು. ಕೋಸ್ಟ ರಿಕಾದಲ್ಲಿ ಡಿಸೆಂಬರ್ ಒಣ ಹವೆಯ ಕಾಲ ಎಂದು ನಿನ್ನ ಪಿಡಿಎಫ್ ಹೇಳುತ್ತದೆ. ಪೆಸಿಫಿಕ್ ಕಡೆಗೆ ಆ ಮಾತು ಹೊಂದುತ್ತದೆ. ಪಕ್ವಾರೆ ಹರಿಯುವುದು ಕೆರಿಬಿಯನ್ ಸಮುದ್ರದ ಕಡೆಯ ಇಳಿಜಾರಿನಲ್ಲಿ. ಅಲ್ಲಿ ವರ್ಷವಿಡೀ ಮಳೆ ಇರುತ್ತದೆ, ನವೆಂಬರ್ ಡಿಸೆಂಬರ್‌ನಲ್ಲಿ ಅದರ ಜೋರು ಹೆಚ್ಚು. ನದಿ ಏರಿದರೆ ರಾಫ್ಟ್ ಇಳಿಸುವುದಿಲ್ಲ. ಅಷ್ಟು ದೂರ ಹೋಗಿ ಲಾಡ್ಜಿನ ಜಗುಲಿಯಲ್ಲಿ ಕುಳಿತು ಮಳೆ ನೋಡಬೇಕಾದೀತು. ನಮ್ಮ ಕಾಳಿ ನದಿಯಲ್ಲಿ ಮಳೆಗಾಲ ಮುಗಿದ ಮೇಲೆ ರಾಫ್ಟಿಂಗ್ ಶುರುವಾಗುವುದರಿಂದ ಡಿಸೆಂಬರ್ ಒಳ್ಳೆಯ ಕಾಲ. ಬೆಳಗಾವಿಯಿಂದ ಖಾನಾಪುರ, ಅಳ್ನಾವರದ ಮೇಲೆ ದಾಂಡೇಲಿ ತಲುಪಲು ಎರಡೂವರೆ ಗಂಟೆ ಸಾಕು. ಬಾಗಲಕೋಟೆಯಿಂದ ಬರುವವರು ಧಾರವಾಡ, ಹಳಿಯಾಳದ ದಾರಿ ಹಿಡಿಯಬಹುದು. ಉಷ್ಣವಲಯದ ಕಾಡೇ ಬೇಕೆಂದಾದರೆ ದಾಂಡೇಲಿಯೂ ಉಷ್ಣವಲಯದಲ್ಲೇ ಇದೆ.

ತಂಗಿ, ಬೆಳಿಗ್ಗೆ 9.02
ಅಣ್ಣಾ, ಅವ್ವನ ಪಾಸ್‌ಪೋರ್ಟ್ ವಿಷಯ ನನಗೆ ಹೊಳೆಯಲೇ ಇಲ್ಲ, ಅದು ನನ್ನ ತಪ್ಪು. ಆದರೆ ಎರಡೂ ನದಿಗಳು ಒಂದೇ ಎನ್ನುವಂತೆ ಬರೆಯಬೇಡ. ಪಕ್ವಾರೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಟುರಿಯಾಲ್ಬಾ ಭಾಗದ ಜನ 2005ರಲ್ಲಿ ಮತ ಹಾಕಿ ಬೇಡವೆಂದರು. 2015ರಲ್ಲಿ ಆ ದೇಶದ ಅಧ್ಯಕ್ಷರು 25 ವರ್ಷ ಅಲ್ಲಿ ಜಲವಿದ್ಯುತ್ ಯೋಜನೆ ಬೇಡವೆಂದು ಆದೇಶಕ್ಕೆ ಸಹಿ ಹಾಕಿದರು. ಅಣೆಕಟ್ಟು ಇಲ್ಲದೆ ಬೆಟ್ಟದಿಂದ ಸಮುದ್ರದವರೆಗೆ ಹರಿಯುವ ನದಿಯನ್ನು ನನ್ನ ಮಕ್ಕಳು ಅವ್ವನ ಜೊತೆ ಕುಳಿತು ನೋಡಬೇಕು ಎಂಬುದು ನನ್ನ ಆಸೆ. ಕಾಳಿಯಲ್ಲಿ ನಾವು ರಾಫ್ಟಿಂಗ್ ಮಾಡುವ ನೀರು ಅಣೆಕಟ್ಟಿನಿಂದ ಬಿಟ್ಟ ನೀರು.

ಕಾಕು (ಚಿಕ್ಕಮ್ಮ, ಬಾಗಲಕೋಟೆ), ಬೆಳಿಗ್ಗೆ 10.15
ತಮ್ಮಾ, ಯವ್ವಾ, ಇಬ್ಬರೂ ಸಮಾಧಾನದಿಂದ ಬರೆಯಿರಿ. ಅಣೆಕಟ್ಟಿನ ಮಾತು ಬಂದಿದ್ದರಿಂದ ನಾನೂ ಒಂದು ಮಾತು ಹೇಳುತ್ತೇನೆ. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರು ಮುಳುಗಿ, ತಾಲ್ಲೂಕಿನ ಕಚೇರಿಗಳೆಲ್ಲ ಜೋಯಿಡಾಕ್ಕೆ ಹೋದವು, ಎಷ್ಟೋ ಮನೆತನಗಳು ರಾಮನಗರಕ್ಕೆ ಬಂದು ನೆಲೆಸಿದವು. ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದವರು. ಹಳೆಯ ಮನೆಯಿಂದ ಹೊತ್ತು ತಂದ ಬಾಗಿಲ ಚೌಕಟ್ಟು ಇವತ್ತಿಗೂ ನಮ್ಮ ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿದೆ, ಅದರ ಹೊಸ್ತಿಲ ಮೇಲೆ ಅರಿಷಿಣದ ಗುರುತು ಇನ್ನೂ ಅಳಿಸಿಲ್ಲ. ಆದ್ದರಿಂದ ಆ ದೇಶದ ಜನ ತಮ್ಮ ನದಿಯನ್ನು ಉಳಿಸಿಕೊಂಡರು ಎಂದು ಓದಿ ನನಗೆ ಹೊಟ್ಟೆ ತಂಪಾಯಿತು. ಆದರೆ ಗಣೇಶಗುಡಿಗೆ ಬರುವುದಿಲ್ಲ ಎಂದು ನಾನು ಹೇಳಲಾರೆ. ಮುಳುಗಿದ ಊರಿನವರು ಆ ನೀರಿನ ದಂಡೆಗೆ ಹೋಗಿ ನಿಂತು ಬರಬೇಕು ಎಂಬುದು ನನ್ನ ಮನಸ್ಸು.

ನಾನು, ಬೆಳಿಗ್ಗೆ 11.20
ಕಾಕು, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ತಂಗಿ ಹೇಳಿದ್ದು ನಿಜ. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಅದರ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಘಟಕಗಳ ವಿದ್ಯುದಾಗಾರವಿದೆ. ಆ ಯಂತ್ರಗಳು ತಿರುಗಿ ನೀರು ಹೊರಬಿದ್ದಾಗ ಮಾತ್ರ ಕೆಳಗಿನ ಕಾಳಿಯಲ್ಲಿ ರಾಫ್ಟ್ ಸಾಗುವಷ್ಟು ಹರಿವು ಬರುತ್ತದೆ, ನಿಂತರೆ ಬಂಡೆಗಳು ಮೇಲೇಳುತ್ತವೆ. ಪಕ್ವಾರೆಯಲ್ಲಿ ಮಳೆ ನಿರ್ಧರಿಸುವುದನ್ನು ಇಲ್ಲಿ ರಾಜ್ಯದ ವಿದ್ಯುತ್ ಬೇಡಿಕೆ ನಿರ್ಧರಿಸುತ್ತದೆ. ಇದನ್ನು ಮಕ್ಕಳಿಗೆ ಹಾಗೆಯೇ ಹೇಳೋಣ, ಮುಚ್ಚಿಡುವುದು ಬೇಡ. ಇನ್ನೊಂದು ವಿಷಯವನ್ನೂ ಈಗಲೇ ಸ್ಪಷ್ಟ ಮಾಡುತ್ತೇನೆ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆಯಾದ್ದರಿಂದ ದಂಡೆಯಲ್ಲಿ ಎಲ್ಲಿ ಬೇಕೆಂದರಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವಂತಿಲ್ಲ. ಪಕ್ವಾರೆಯ ಹಾಗೆ ನದಿಯಿಂದ ಲಾಡ್ಜಿಗೆ, ಲಾಡ್ಜಿನಿಂದ ನದಿಗೆ ಸಾಗುವ ರಾತ್ರಿವಾಸದ ರಾಫ್ಟಿಂಗ್ ಇಲ್ಲಿ ಸಿಗುವುದಿಲ್ಲ. ಹಗಲು ರಾಫ್ಟ್ ಹತ್ತಿದವರು ಕೆಳಗೆ ಇಳಿದು ಜೀಪಿನಲ್ಲಿ ಅದೇ ಲಾಡ್ಜಿಗೆ ವಾಪಸಾಗಬೇಕು. ನನ್ನ ಮಟ್ಟಿಗೆ ಅವ್ವನ ಕಾರಣಕ್ಕೆ ಅದೇ ಒಳ್ಳೆಯದು. ರಾಫ್ಟ್ ಹತ್ತುವವರು ಹತ್ತಿ ಬರುವ ಹೊತ್ತಿಗೆ ಹತ್ತದವರು ಅಲ್ಲೇ ಚಹಾ ಕುಡಿಯುತ್ತ ಮಂಗಟ್ಟೆ ಹಕ್ಕಿ ನೋಡುತ್ತ ಕೂರಬಹುದು. ಪಕ್ವಾರೆಯ ಆ ಲಾಡ್ಜಿಗೆ ನದಿಯ ಮೇಲೇ ಬರಬೇಕು ಎಂದು ನಿನ್ನ ಪಿಡಿಎಫ್‌ನ ಮೂರನೆಯ ಪುಟದಲ್ಲಿ ಬರೆದಿದೆ. ಹರಿವಿನ ಕಷ್ಟವನ್ನು ಆರು ದರ್ಜೆಗಳಲ್ಲಿ ಅಳೆಯುತ್ತಾರೆ, ಅಲ್ಲಿಯದು ಮೂರು, ನಾಲ್ಕನೆಯ ದರ್ಜೆಯದು. ಅವ್ವನನ್ನು ಆ ರಾಫ್ಟಿನಲ್ಲಿ ಯಾರು ಕೂರಿಸುತ್ತೀರಿ?

ಮಗ, ಬೆಳಿಗ್ಗೆ 11.34
ಅಪ್ಪಾ, ಆ ಪುಟವನ್ನು ನಾನು ಸರಿಯಾಗಿ ಓದಿರಲಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಗಣೇಶಗುಡಿಯಿಂದ ನೀವೇ ಸಿಟ್ಟಾಗಿ ವಾಪಸು ಬಂದಿದ್ದಿರಿ. ಅದನ್ನೂ ಹೇಳಿ.

ನಾನು, ಮಧ್ಯಾಹ್ನ 12.10
ಹೇಳುತ್ತೇನೆ, ಹೇಳಲೇಬೇಕು. ಅಂದು ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದಿದ್ದರು, ನೀರು ಬಿಡುವುದು ಹನ್ನೊಂದರ ಮೇಲೆ ಎಂದು ದಂಡೆಗೆ ಹೋದ ಮೇಲೆ ತಿಳಿಯಿತು. ಕಾಯುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ನನಗೆ ಕೊಟ್ಟ ಲೈಫ್ ಜಾಕೆಟ್‌ನ ಎದೆಯ ಕೊಂಡಿ ಮುರಿದಿತ್ತು. ಬೇರೆ ಕೊಡಿ ಎಂದರೆ, ಹುಡುಗನೊಬ್ಬ ಜೇಬಿನಿಂದ ಗೋಣಿಚೀಲ ಹೊಲಿಯುವ ಸುತಳಿ ತೆಗೆದು ಎರಡು ತುದಿಗಳನ್ನು ಗಂಟು ಹಾಕಿ, ಇದು ಬಿಚ್ಚುವುದಿಲ್ಲ ಎಂದ. ಬಿಚ್ಚದಿರುವುದೇ ಅಪಾಯ. ರಾಫ್ಟ್ ಮಗುಚಿ ಜಾಕೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಅದನ್ನು ಕ್ಷಣದಲ್ಲಿ ಬಿಚ್ಚಲು ಬರಬೇಕು, ಹರಿವಿನಲ್ಲಿ ಅದು ತಲೆಯ ಮೇಲೆ ಏರದಂತೆ ಬಿಗಿಯಾಗಿಯೂ ಇರಬೇಕು. ಸುತಳಿ ಈ ಎರಡರಲ್ಲಿ ಒಂದನ್ನೂ ಮಾಡುವುದಿಲ್ಲ. ನಾನು ಹಣ ಬಿಟ್ಟು ಬಂದೆ. ಆ ತಪ್ಪು ನದಿಯದಲ್ಲ, ಆ ನಡೆಸುವವರದು. ಈ ಸಲ ಅಗ್ಗದ ದರ ನೋಡಿ ಯಾರ ಬಳಿಯೂ ಹೋಗುವುದಿಲ್ಲ. ನೀರು ಬಿಡುವ ಹೊತ್ತು, ಮಕ್ಕಳಿಗೆ ಇರುವ ವಯಸ್ಸಿನ ಮಿತಿ, ಒಂದು ರಾಫ್ಟಿಗೆ ಎಷ್ಟು ಜನ, ಜೊತೆಗೆ ರಕ್ಷಣೆಯ ಕಯಾಕ್ (ಒಬ್ಬರು ಕೂರುವ ಕಿರುದೋಣಿ) ಬರುತ್ತದೋ ಇಲ್ಲವೋ, ಇದನ್ನೆಲ್ಲ ಬಾಯಿಬಿಟ್ಟು ಕೇಳಿ, ಉತ್ತರ ಸರಿಯೆನಿಸಿದರೆ ಮಾತ್ರ ಮುಂಗಡ.

ತಂಗಿ, ಮಧ್ಯಾಹ್ನ 12.48
ಅಣ್ಣಾ, ಸುತಳಿಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಅವ್ವ ಏನೆನ್ನುತ್ತಾಳೆ ಎಂದು ಇಷ್ಟೊತ್ತಿನವರೆಗೆ ನಮ್ಮಲ್ಲಿ ಯಾರೂ ಕೇಳಿಲ್ಲ. ಕಾಕು, ಅವಳು ಈಗ ನಿಮ್ಮ ಮನೆಯಲ್ಲೇ ಇದ್ದಾಳಲ್ಲ, ದಯವಿಟ್ಟು ಎಲ್ಲವನ್ನೂ ಓದಿ ಹೇಳಿ.

ಕಾಕು, ಮಧ್ಯಾಹ್ನ 1.30
ಊಟಕ್ಕೆ ಕುಳಿತಾಗ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೊಮ್ಮಕ್ಕಳು ನೀರಿನಲ್ಲಿ ಇಳಿಯುವುದು ಬೇಡ ಎಂದು ತಾನು ಅನ್ನುವುದಿಲ್ಲ, ಆದರೆ ಅವರು ತಿರುವಿನಲ್ಲಿ ಬರುವುದು ತನ್ನ ಕಣ್ಣಿಗೆ ಕಾಣಬೇಕು, ಅಂಥ ಕಡೆ ತನಗೊಂದು ಕುರ್ಚಿ ಹಾಕಿಸಿದರೆ ಸಾಕು. ಕೋಣೆಗೆ ಹೆಚ್ಚು ಮೆಟ್ಟಿಲು ಇರಬಾರದು. ತನ್ನ ಸಲುವಾಗಿ ಮಗಳು ಆ ದೂರದ ನದಿಯನ್ನು ಬಿಡಬಾರದು, ಬೇರೊಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಬರಲಿ, ಫೋಟೊ ತೋರಿಸಲಿ.

ತಂಗಿ, ಮಧ್ಯಾಹ್ನ 1.41
ಹಾಗಾದರೆ ಡಿಸೆಂಬರ್‌ನಲ್ಲಿ ಕಾಳಿಗೆ ಹೋಗೋಣ. ಪಕ್ವಾರೆಗೆ ನಾನು ಮಕ್ಕಳೊಂದಿಗೆ ಮುಂದೆ ಎಂದಾದರೂ ಮಳೆ ಕಡಿಮೆ ಇರುವ ತಿಂಗಳಲ್ಲಿ ಹೋಗುತ್ತೇನೆ. ವಿಮಾನದ ಟಿಕೆಟ್ ಗೋವಾಕ್ಕೆ ತೆಗೆಯಲೋ, ಬೆಳಗಾವಿಗೋ ಎಂದು ತಿಳಿಸಿ. ಒಂದು ಷರತ್ತು, ಲಾಡ್ಜನ್ನು ಫೋನಿನಲ್ಲಿ ಗೊತ್ತು ಮಾಡುವುದು ಬೇಡ.

ನಾನು, ಮಧ್ಯಾಹ್ನ 2.05
ಟಿಕೆಟ್ ಬೆಳಗಾವಿಗೇ ತೆಗೆ, ಮನೆಗೆ ಬಂದು ಒಂದು ರಾತ್ರಿ ಮಲಗಿ ಎದ್ದು ಹೋಗೋಣ. ಬರುವ ಭಾನುವಾರ ನಾನೂ ಮಗನೂ ಗಣೇಶಗುಡಿಗೆ ಹೋಗುತ್ತೇವೆ. ಕೋಣೆಯ ಮೆಟ್ಟಿಲುಗಳನ್ನು ಎಣಿಸಿ, ನದಿಯ ತಿರುವು ಕಾಣುವ ಜಾಗದಲ್ಲಿ ಕುರ್ಚಿ ಹಾಕಿಸಿ ಕುಳಿತು ನೋಡಿ, ಜಾಕೆಟ್‌ಗಳ ಕೊಂಡಿಗಳನ್ನು ಒಂದೊಂದಾಗಿ ಹಾಕಿ ಬಿಚ್ಚಿ, ಫೋಟೊ ತೆಗೆದು ರಾತ್ರಿಯೊಳಗೆ ಇಲ್ಲಿ ಹಾಕುತ್ತೇನೆ.

ಕಾಕು, ಮಧ್ಯಾಹ್ನ 2.11
ಮೆಟ್ಟಿಲಿನ ಎತ್ತರವನ್ನೂ ಅಳೆದುಕೊಂಡು ಬಾ ತಮ್ಮಾ. ಒಂದು ಗೇಣಿಗಿಂತ ಹೆಚ್ಚಾದರೆ ಅವಳಿಗೆ ಹತ್ತಲಾಗುವುದಿಲ್ಲ.