2014ರ ಪಾಲಿಸ್ತಾ: ಇತುವಾನೊ ಗೆದ್ದದ್ದು ಆಟದಿಂದಲೋ, ಲೆಕ್ಕದಿಂದಲೋ?

ಹಳೇ ಗೋಲಿ: ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಫುಟ್‌ಬಾಲ್ ಟೂರ್ನಿ ಪಾಲಿಸ್ತಾದಲ್ಲಿ 2014ರಲ್ಲಿ ಇತುವಾನೊ ಅನ್ನೋ ಸಣ್ಣ ಕ್ಲಬ್ ಕಪ್ ಹೊಡೆದದ್ದನ್ನು ಎಲ್ಲರೂ ಪವಾಡ ಅನ್ನುತ್ತಾರೆ. ನನಗೆ ಅದು ಫಾರ್ಮ್ಯಾಟ್ ಕೊಟ್ಟ ಕಪ್. 20 ತಂಡ, ಐದೈದರ ನಾಲ್ಕು ಗುಂಪು, ಆದರೆ ನಿಮ್ಮ ಗುಂಪಿನವರ ಜೊತೆ ನೀವು ಆಡುವ ಹಾಗೇ ಇಲ್ಲ! ಬೇರೆ ಗುಂಪುಗಳ 15 ತಂಡಗಳ ಮೇಲೆ ಆಡಿ, ಪಾಯಿಂಟ್ ಮಾತ್ರ ನಿಮ್ಮ ಗುಂಪಲ್ಲಿ ಎಣಿಸಬೇಕು. ದೊಡ್ಡ ಕ್ಲಬ್ ಕೊರಿಂಥಿಯನ್ಸ್ ಇತುವಾನೊ ಗುಂಪಲ್ಲೇ ಇತ್ತು. ಒಂದು ಸಲವೂ ಎದುರುಬದುರು ಆಗದೆ ಹಿಂದೆ ಬಿದ್ದು ಮನೆಗೆ ಹೋಯಿತು.

ಕಾರ್ನರ್ ಕಿಕ್: ಫಾರ್ಮ್ಯಾಟ್ ಕೆಟ್ಟದ್ದು, ಒಪ್ಪಿದೆ. ಆದರೆ ಅದು ಎಲ್ಲರಿಗೂ ಒಂದೇ ಅಲ್ವಾ? ಇತುವಾನೊ ಸಾವೊ ಪಾಲೊ ತಂಡವನ್ನು ಅವರದೇ ಮೈದಾನ ಮೊರುಂಬಿಗೆ ಹೋಗಿ 1-0 ಸೋಲಿಸಿತು, ಸೆಮಿಫೈನಲ್‌ನಲ್ಲಿ ಪಾಲ್ಮೈರಾಸ್‌ಗೂ 1-0, ಫೈನಲ್ ಮೊದಲ ಪಂದ್ಯದಲ್ಲಿ ಕ್ರಿಸ್ಟಿಯನ್ ಗೋಲಿನಿಂದ ಸಾಂತೋಸ್‌ಗೂ 1-0. ಮೂರು ದೊಡ್ಡ ತಂಡ, ಒಂದೇ ಸ್ಕೋರು.

ಹಳೇ ಗೋಲಿ: ಮೊರುಂಬಿ ಪಂದ್ಯ ತೆಗೀಬೇಡಿ. ಕೊರಿಂಥಿಯನ್ಸ್‌ನ ಹೊರಗೆ ಹಾಕೋಕೆ ಸಾವೊ ಪಾಲೊ ಬೇಕಂತಲೇ ಸೋತಿತು ಅಂತ ಗುಮಾನಿ ಇತ್ತು.

ಕಾರ್ನರ್ ಕಿಕ್: ಗುಮಾನಿ ಅಷ್ಟೇ. ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಮೊರುಂಬಿಯಲ್ಲಿ ಸಾವೊ ಪಾಲೊದವರು ಪೆನಪೊಲೆನ್ಸಿ ಅನ್ನೋ ಸಣ್ಣ ತಂಡದ ಕೈಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರಲ್ಲ, ಅದೂ ಬೇಕಂತಲೇನಾ?

ರಮ್ಯ: 😂 ನಾನು ಸಾಂತೋಸ್ ಕಡೆಯವಳು, ಆದರೂ ಹೇಳುತ್ತೇನೆ. ಫೈನಲ್‌ನ ಎರಡೂ ಪಂದ್ಯ ಪಕಯೆಂಬು ಸ್ಟೇಡಿಯಂನಲ್ಲೇ. ಎರಡನೆಯದರಲ್ಲಿ ನಮ್ಮ ಸಿಸೆರೊ ಪೆನಾಲ್ಟಿ ಹೊಡೆದು 1-0, ಒಟ್ಟು ಸಮ. ಆಮೇಲಿನ ಶೂಟೌಟ್ 7-6ಕ್ಕೆ ಹೋಯಿತು, ಐದೈದು ಕಿಕ್ ಮುಗಿದ ಮೇಲೂ ಯಾರೂ ಬಿಡಲಿಲ್ಲ. ನಮ್ಮವರು ಅಲ್ಲಿ ಸೋತರು, ಫಾರ್ಮ್ಯಾಟ್‌ನಿಂದಲ್ಲ.

ಬೆಂಚಲ್ಲೇ ಕೂತವ: ಇತುವಾನೊ 2002ರಲ್ಲೂ ಗೆದ್ದಿತ್ತಲ್ಲ, ಇದರಲ್ಲಿ ಹೊಸದೇನು?

ಕಾರ್ನರ್ ಕಿಕ್: ಆ ವರ್ಷ ದೊಡ್ಡ ತಂಡಗಳು ರಿಯೊ–ಸಾವೊ ಪಾಲೊ ಅನ್ನೋ ಬೇರೆ ಟೂರ್ನಿ ಆಡುತ್ತಿದ್ದವು, ಇಲ್ಲಿ ಇರಲೇ ಇಲ್ಲ. 2014ರಲ್ಲಿ ಎಲ್ಲರೂ ಇದ್ದರು. ಕೋಚ್ ದೊರಿವಾ, ಕ್ಲಬ್ ನಡೆಸುತ್ತಿದ್ದದ್ದು 2002ರ ವಿಶ್ವಕಪ್ ಗೆದ್ದ ಆಟಗಾರ ಜುನಿನ್ಯೊ ಪಾಲಿಸ್ತಾ. ಅದೃಷ್ಟ ಅಂತ ಸುಮ್ನೆ ಹೇಳಿಬಿಟ್ಟರೆ ಹೇಗೆ?

ಹಳೇ ಗೋಲಿ: ಸರಿ, ಫೈನಲ್ ಮಟ್ಟಿಗೆ ಒಪ್ಪುತ್ತೇನೆ. ಗುಂಪಿನ ಲೆಕ್ಕ ಮಾತ್ರ ಒಪ್ಪಲ್ಲ.

ರಮ್ಯ: ಅಂದಹಾಗೆ ಇತುವಾನೊದ ಊರು ಇತು ಬಗ್ಗೆ ಗೊತ್ತಾ? ಅಲ್ಲಿ ಎಲ್ಲವೂ ಭಾರಿ ದೊಡ್ಡದು ಅಂತ ಬ್ರೆಜಿಲ್‌ನಲ್ಲಿ ಹಳೇ ತಮಾಷೆ. ಚೌಕದಲ್ಲಿ ಮನೆಯೆತ್ತರದ ಟೆಲಿಫೋನ್ ಬೂತೇ ಇದೆ. ಕಪ್ ಮಾತ್ರ ಮಾಮೂಲಿ ಸೈಜಿನದೇ ಸಿಕ್ಕಿತು, ಪಾಪ.