ಸೋಲಾರ್ ಪಂಪಿನ ಫಲಕ: ‘ಸ್ಟೋರೇಜ್’ಗೆ ಏನು ಬರೆಯಲಿ? (ತುರ್ತು)

ನಮಸ್ಕಾರ. ನಾಳೆ ಬೆಳಗ್ಗೆ ಫಲಕ ಬರೆಯುವವರು ಬರುತ್ತಾರೆ. ಒಂದು ಸೋಲಾರ್ ಪಂಪು, ಮೇಲೆ ನೀರಿನ ಟ್ಯಾಂಕು, ಪಕ್ಕದ ಕೋಣೆಯಲ್ಲಿ ಬ್ಯಾಟರಿಗಳು. ನನ್ನ ಕೈಗೆ ಬಂದ ಕರಡು ಹೀಗಿದೆ: ‘ಸೌರಚಾಲಿತ ಜಲೋತ್ಥಾಪಕ ಯಂತ್ರ ಹಾಗೂ ನವೀಕರಿಸಬಹುದಾದ ಇಂಧನ ಶೇಖರಣಾ ಘಟಕ’. ಇದನ್ನು ಓದಿ ಮುಗಿಸುವಷ್ಟರಲ್ಲಿ ಟ್ಯಾಂಕು ತುಂಬಿರುತ್ತದೆ. ಚಿಕ್ಕದಾಗಿ ಏನಾದರೂ ಇದೆಯಾ?

—

ಮೊದಲು ‘ಇಂಧನ’ ತೆಗೆಯಿರಿ. ಇಂಧ್ ಅಂದರೆ ಉರಿಸು. ಸಮಿಧೆಯಲ್ಲಿರುವುದೂ ಅದೇ ಧಾತು. ಸೌದೆ ಇಂಧನ, ಕಲ್ಲಿದ್ದಲು ಇಂಧನ. ಬಿಸಿಲನ್ನು ಯಾವ ಒಲೆಗೆ ಇಡುತ್ತೀರಿ? ‘ನವೀಕರಿಸಬಹುದಾದ’ ಲೈಸೆನ್ಸಿಗೆ ಸರಿ. ಬಿಸಿಲನ್ನು ಯಾರೂ ನವೀಕರಿಸುವುದಿಲ್ಲ, ಅದು ತಾನೇ ಬರುತ್ತದೆ.

ಪಂಪಿಗೆ ‘ಬಿಸಿಲೇತ’ ಅನ್ನಿ. ಏತ ನೀರಾವರಿ ಎಲ್ಲರಿಗೂ ಗೊತ್ತಿರುವ ಮಾತೇ.

—

> ಬಿಸಿಲೇತ

ಬಿಸಿಲುಗುದುರೆ ಗೊತ್ತಿದ್ದವರು ಇದನ್ನು ನೀರೇ ಬಾರದ ಪಂಪು ಅಂದುಕೊಳ್ಳುತ್ತಾರೆ. ‘ನೇಸರೇತ’ ಇರಲಿ. ಎತ್ತುವುದರಿಂದಲೇ ಏತ, ಅಚ್ಚಗನ್ನಡ. ‘ಸೌರ ಏತ’ ಅಂತ ಬರೆದರೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಹಾಗೆ. ಸೋಲಾರ್ ಅಂತೂ ಬೇಡವೇ ಬೇಡ.

—

ಏತ ಬಂದದ್ದು ‘ಎತ್ತು’ ಇಂದಲ್ಲ, ‘ಏರು’ ಇಂದ. ತಮಿಳಿನ ‘ಏಟ್ರಂ’ ನೋಡಿ. ಎಷ್ಟು ಸಲ ಹೇಳುವುದು?

ಇನ್ನು ಸೋಲಾರ್ ಮೇಲೆ ಯಾಕಿಷ್ಟು ಸಿಟ್ಟು? ಲ್ಯಾಟಿನ್ನಿನ ‘ಸೋಲ್’, ಸಂಸ್ಕೃತದ ‘ಸೂರ್ಯ’ ಒಂದೇ ಬೇರಿನವು. ಒಬ್ಬ ನೆಂಟ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಬಂದ, ಇನ್ನೊಬ್ಬ ಮೊನ್ನೆ ಬಂದ. ಹಳಬನಿಗೆ ಮಣೆ, ಹೊಸಬನಿಗೆ ಹೊಸ್ತಿಲು, ಇದೆಂಥ ನ್ಯಾಯ? ಪಂಪು ಇಟ್ಟುಕೊಂಡವರು ಅದಕ್ಕೆ ಪಂಪು ಅಂತಲೂ ಅನ್ನುವುದಿಲ್ಲ. ‘ಮೋಟರ್ ಹಾಕು’ ಅನ್ನುತ್ತಾರೆ, ಅಷ್ಟೇ.

—

ನೆಂಟರೇ ಮನೆ ಬರೆಸಿಕೊಂಡರೆ ನಾವೆಲ್ಲಿಗೆ ಹೋಗೋಣ? ನೇಸರೇತ. ನನ್ನ ಮಾತು ಮುಗಿಯಿತು.

—

ಕೇಳಿದ್ದು ಸ್ಟೋರೇಜ್ ಬಗ್ಗೆ ಅಲ್ವಾ? ಅತ್ತ ಕಡೆ ಯಾರೂ ತಲೆಯೇ ಹಾಕಿಲ್ಲ.

ಇಲ್ಲಿ ಕೂಡಿಡುವುದು ಎರಡು: ನೀರು ಮತ್ತು ಕರೆಂಟು. ಎಷ್ಟೋ ಸೋಲಾರ್ ಪಂಪುಗಳಿಗೆ ಬ್ಯಾಟರಿಯೇ ಇರುವುದಿಲ್ಲ. ಬಿಸಿಲಿದ್ದಾಗ ನೀರು ಎತ್ತಿಟ್ಟುಕೊಂಡರೆ ಮುಗಿಯಿತು, ಸಂಜೆಗೆ ಟ್ಯಾಂಕೇ ಗಂಟು. ನಿಮ್ಮಲ್ಲಿ ಎರಡೂ ಇವೆ. ಎರಡಕ್ಕೂ ‘ಶೇಖರಣಾ ಘಟಕ’ ಅಂದರೆ ರಿಪೇರಿಗೆ ಬಂದವನು ಪೈಪು ಹುಡುಕಿಕೊಂಡು ಬ್ಯಾಟರಿ ಕೋಣೆಗೆ ನುಗ್ಗುತ್ತಾನೆ. ಏನನ್ನು ಕೂಡಿಟ್ಟಿದ್ದೀರೋ ಅದರ ಹೆಸರು ಬರೆಯಿರಿ.

‘ಜಲವಿದ್ಯುತ್ ಶೇಖರಣೆ’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಎತ್ತಿದ ನೀರನ್ನು ಮತ್ತೆ ಇಳಿಸಿ ಟರ್ಬೈನ್ ತಿರುಗಿಸಿದರೆ ಮಾತ್ರ ಆ ಹೆಸರು. ಸಾವಿರ ಲೀಟರ್ ನೀರು 367 ಮೀಟರ್ ಎತ್ತರದಿಂದ ಇಳಿದರೆ, ಚೂರೂ ನಷ್ಟವಾಗದಿದ್ದರೂ, ಸಿಗುವುದು ಒಂದೇ ಯೂನಿಟ್ಟು. ಅದಕ್ಕೆ ಬೆಟ್ಟ, ಜಲಾಶಯ ಬೇಕು. ಮನೆ ಎತ್ತರದ ಟ್ಯಾಂಕಿಗೆ ಆ ಹೆಸರು ಸುಮ್ನೆ ದೊಡ್ಡಸ್ತಿಕೆ.

ಬರೀ ‘ಬ್ಯಾಟರಿ’ ಅಂದರೆ ಕೆಲವರಿಗೆ ಟಾರ್ಚು. ‘ಬ್ಯಾಟರಿ ಕೋಣೆ’ ಅನ್ನಿ.

—

‘ಮಿಂಚುಕಣಜ’ ಹೇಗೆ?

—

ಕಣಜದಲ್ಲಿ ತುಂಬಿದಷ್ಟೂ ವಾಪಸ್ ಸಿಗುತ್ತದೆ. ಬ್ಯಾಟರಿಯಲ್ಲಿ ತುಂಬಿದ್ದಕ್ಕಿಂತ ಕಡಿಮೆ. ಹೋಲಿಕೆ ಕೂಡುವುದಿಲ್ಲ.

—

ನಿಮ್ಮ ಕಣಜಕ್ಕೆ ಇಲಿ ಬರುವುದಿಲ್ಲ ಅಂತ ಕಾಣುತ್ತದೆ.

—

ಎಲ್ಲರಿಗೂ ಥ್ಯಾಂಕ್ಸ್. ಬರೆಸಿದ್ದಾಯಿತು: ‘ಸೋಲಾರ್ ಪಂಪು’, ‘ನೀರಿನ ಟ್ಯಾಂಕು’, ‘ಬ್ಯಾಟ್ರಿ ಕೋಣೆ, ಮುಟ್ಟಬೇಡಿ’. ‘ಬ್ಯಾಟ್ರಿ’ ನನ್ನದಲ್ಲ, ಬರೆಯುವವರದು. ನಾನು ನೋಡುವಷ್ಟರಲ್ಲಿ ಬಣ್ಣ ಒಣಗಿತ್ತು.

—

> ಬ್ಯಾಟ್ರಿ

ಅದೇ ಸರಿ. ಬಾಯಲ್ಲಿರುವುದು ಅದೇ ಅಲ್ವಾ? ಏತದ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ‘ಏರು’ ಅಂದವರು ‘ರ’ ಯಾಕೆ ‘ತ’ ಆಯಿತು ಅಂತ ಹೇಳಲಿ.